ಗುಲಾಬಿ ನಾನ್‌ಖಟಾಯಿ: ಮನೆಯೆಲ್ಲ ಘಮ ಘಮ, ಬಿಸ್ಕಿಟಿನಲ್ಲಿ ಮಾತ್ರ ಏನೂ ಇಲ್ಲ. ಯಾಕೆ?

ಸಪ್ತಾಪುರದ ಸೊಸೆ
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ನಾದಿನಿಯ ಕುಬಸ (ಸೀಮಂತ) ಇದೆ. ಊಟ ಅಡುಗೆಯವರಿಗೆ ಒಪ್ಪಿಸಿದ್ದೇವೆ. ಬಂದವರ ಕೈಗೆ ಒಂದೊಂದು ಸಣ್ಣ ಡಬ್ಬಿ ಸಿಹಿ ಕೊಟ್ಟು ಕಳಿಸುವ ಕೆಲಸ ನನ್ನದು. ಧಾರವಾಡದಲ್ಲಿ ಪೇಢಾ ಎಲ್ಲರೂ ಕೊಡುತ್ತಾರೆ, ಅದಕ್ಕೇ ಗುಲಾಬಿ ನಾನ್‌ಖಟಾಯಿ ಮಾಡೋಣ ಅಂದುಕೊಂಡೆ. ಅವತ್ತು ಕತ್ತರಿಸಲು ಮಲ್ಲಿಗೆ ವಾಸನೆಯ ಒಂದು ಕೇಕ್ ಕೂಡ ಬೇಕು. ಮೊಟ್ಟೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ.

ತೊಂದರೆ ಏನೆಂದರೆ, ಹಿಟ್ಟಿಗೆ ಗುಲಾಬಿ ನೀರು ಹಾಕಿ ಓಟಿಜಿಯಲ್ಲಿ (ಮನೆಯ ಸಣ್ಣ ಕರೆಂಟ್ ಓವನ್) 180 ಡಿಗ್ರಿಗೆ ಇಟ್ಟರೆ ಮನೆಯೆಲ್ಲ ಘಮ ಘಮ. ಪಕ್ಕದ ಮನೆ ವೈನಿ ಬಾಗಿಲಿಗೇ ಬಂದು "ಏನ್ ನಡಸೀರಿ?" ಅಂತ ಕೇಳಿದರು. ಆರಿದ ಮೇಲೆ ತಿಂದು ನೋಡಿದರೆ ಬರೀ ತುಪ್ಪ, ಸಕ್ಕರೆ. ಗುಲಾಬಿ ನೀರು ಜಾಸ್ತಿ ಹಾಕಿದರೆ ಹಿಟ್ಟು ಸಡಿಲಾಗಿ ತಟ್ಟೆ ತುಂಬ ಹರಡಿಕೊಳ್ಳುತ್ತದೆ. ಎಸೆನ್ಸ್ ಹಾಕಿ ಮಾಡಿದ್ದನ್ನು ನಮ್ಮ ಮಾವ ಬಾಯಿಗೆ ಹಾಕಿಕೊಂಡು "ಊದಿನಕಡ್ಡಿ ತಿಂದಂಗ ಆತವ್ವ" ಅಂದರು. ವಾಸನೆ ಉಳಿಯುವ ಹಾಗೆ ಮಾಡುವುದು ಹೇಗೆ?

ಭಟ್ಟಿ ಹುಡುಗ, ಹಳೇ ಹುಬ್ಬಳ್ಳಿ
ಮನೆಯೆಲ್ಲ ಘಮ ಘಮ ಅಂದಿರಲ್ಲ, ಉತ್ತರ ಅಲ್ಲೇ ಇದೆ ಅಕ್ಕಾರೆ. ಬಿಸ್ಕಿಟಿನೊಳಗೆ ಇರಬೇಕಾದದ್ದು ಪಕ್ಕದ ಮನೆಗೆ ಹೋಗಿದೆ.

ಗದಗ ಗಿರ್ಮಿಟ್
ಹೂವು ಇರುವುದು ಮುಡಿಯುವುದಕ್ಕೆ, ದೇವರಿಗೆ ಏರಿಸುವುದಕ್ಕೆ. ತಿನ್ನುವುದಕ್ಕೆ ಮಿರ್ಚಿ ಇದೆ. ಚರ್ಚೆ ಮುಗೀತು.

ವಿಜ್ಞಾನದ ಮಾಸ್ತರ್
ಮುಗಿದಿಲ್ಲ, ಈಗ ಶುರು.

ತಂಗಿ, ಹೂವಿನ ವಾಸನೆ ಅಂದರೆ ಬೇಗ ಆವಿಯಾಗಿ ಹಾರುವ ವಸ್ತುಗಳು. ಹಾರುವುದರಿಂದಲೇ ಅದು ನಮ್ಮ ಮೂಗಿಗೆ ಬರುತ್ತದೆ. ಗುಲಾಬಿ ನೀರನ್ನು ಮಾಡುವುದೂ ಹಾಗೇ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಈಗಲೂ ತಾಮ್ರದ ಹಂಡೆಯಲ್ಲಿ ನೀರು, ಹೂವು ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಕೆಳಗೆ ಬೆಂಕಿ ಹಾಕುತ್ತಾರೆ. ಆವಿ ಬಿದಿರಿನ ಕೊಳವೆಯಲ್ಲಿ ಹಾದು ಇನ್ನೊಂದು ಪಾತ್ರೆಗೆ ಇಳಿದು ತಣ್ಣಗಾಗುತ್ತದೆ. ನೀವು ಒಲೆಯಲ್ಲಿ ಮಾಡಿದ್ದು ಅದೇ ಕೆಲಸ, ಹಿಡಿದುಕೊಳ್ಳುವ ಪಾತ್ರೆ ಮಾತ್ರ ಇರಲಿಲ್ಲ.

ಆದ್ದರಿಂದ ಎರಡೇ ದಾರಿ. ಒಂದು, ಬೆಂಕಿಯ ಕೆಲಸ ಮುಗಿದ ಮೇಲೆ ವಾಸನೆ ಸೇರಿಸಿ. ಎರಡು, ವಾಸನೆಯನ್ನು ನೀರಿನಲ್ಲಿ ಹಾಕುವ ಬದಲು ತುಪ್ಪ ಅಥವಾ ಬೆಣ್ಣೆಗೆ ಹಿಡಿಸಿ. ಜಿಡ್ಡು ಅದನ್ನು ಸುಲಭಕ್ಕೆ ಬಿಡುವುದಿಲ್ಲ. ಪೂರ್ತಿ ಉಳಿಯುತ್ತದೆ ಅಂತ ಹೇಳುವುದಿಲ್ಲ, ಆದರೆ ಗುಲಾಬಿ ನೀರಿಗಿಂತ ಎಷ್ಟೋ ಮೇಲು.

ಸಪ್ತಾಪುರದ ಸೊಸೆ
ಮಾಸ್ತರ್, ಕೇಕಿಗೆ ಆಮೇಲೆ ಸೇರಿಸುವುದು ಗೊತ್ತಾಯಿತು. ನಾನ್‌ಖಟಾಯಿಗೆ ಆಮೇಲೆ ಏನು ಸೇರಿಸುವುದು? ಒದ್ದೆ ಆದರೆ ಕೆಟ್ಟಿತು ಅಲ್ವಾ?

ಓಟಿಜಿ ವೈನಿ, ವಿದ್ಯಾನಗರ
ನಾನು ಹೇಳುತ್ತೇನೆ ಕೇಳಿ. ನಾಟಿ ಗುಲಾಬಿಯ ಎಸಳು ಬಿಡಿಸಿ, ಬುಡದ ಬಿಳಿ ಭಾಗ ಕತ್ತರಿಯಿಂದ ತೆಗೆದುಬಿಡಿ. ಅದು ಕಹಿ. ಎಸಳನ್ನು ನೆರಳಿನಲ್ಲಿ ಬಟ್ಟೆ ಮೇಲೆ ಹರಡಿ, ಮುಟ್ಟಿದರೆ ಚರಚರ ಅನ್ನುವಷ್ಟು ಒಣಗಿಸಿ. ಹಸಿ ಎಸಳು ತುಪ್ಪಕ್ಕೆ ಬೇಡ, ನೀರಿನಂಶ ಸೇರಿ ತುಪ್ಪ ಕೆಡುತ್ತದೆ. ತುಪ್ಪ ಕರಗುವಷ್ಟು ಮಾತ್ರ ಬೆಚ್ಚಗೆ ಮಾಡಿ, ಒಣ ಎಸಳು ಹಾಕಿ, ಮುಚ್ಚಿಟ್ಟು ಮರುದಿನ ಮತ್ತೆ ಬೆಚ್ಚಗೆ ಮಾಡಿ ಸೋಸಿ. ಕುದಿಸಬೇಡಿ. ಈ ತುಪ್ಪ ಗಟ್ಟಿಯಾದ ಮೇಲೆ ನಾನ್‌ಖಟಾಯಿಗೆ ಬಳಸಿ.

ಅಳತೆ: ಮೈದಾ 1 ಕಪ್, ಕಡಲೆ ಹಿಟ್ಟು ಕಾಲು ಕಪ್, ಪುಡಿ ಸಕ್ಕರೆ ಅರ್ಧ ಕಪ್, ತುಪ್ಪ ಅರ್ಧ ಕಪ್ಪಿಗೆ ಸ್ವಲ್ಪ ಜಾಸ್ತಿ, ಚಿಟಿಕೆ ಸೋಡಾ, ಚಿಟಿಕೆ ಉಪ್ಪು. ತುಪ್ಪ, ಸಕ್ಕರೆ ಮೊದಲು ಬಿಳಿಯಾಗುವವರೆಗೆ ಕೈಯಲ್ಲಿ ತಿಕ್ಕಬೇಕು. ನೀರು, ಹಾಲು ಏನೂ ಬೇಡ. ಉಂಡೆ ಕಟ್ಟಿ ಅರ್ಧ ಗಂಟೆ ಫ್ರಿಡ್ಜ್‌ನಲ್ಲಿಟ್ಟರೆ ಹರಡುವುದಿಲ್ಲ. 180 ನಿಮಗೆ ಜಾಸ್ತಿ ಆಯಿತು, 160ಕ್ಕೆ ಇಡಿ. 18-20 ನಿಮಿಷ. ಕೆಳಗೆ ತಿಳಿ ಕಂದು, ಮೇಲೆ ಬಿಳಿ ಇರುವಾಗಲೇ ತೆಗೆಯಿರಿ. ಬಿಸಿಯಲ್ಲಿ ಮೆತ್ತಗೆ ಅನಿಸುತ್ತದೆ, ಆರಿದ ಮೇಲೆ ಗಟ್ಟಿ.

ಇನ್ನು ಮೇಲಿನಿಂದ. ಅದೇ ಒಣ ಎಸಳನ್ನು ಸಕ್ಕರೆ ಜೊತೆ ಮಿಕ್ಸಿಯಲ್ಲಿ ಪುಡಿ ಮಾಡಿ, ನಾನ್‌ಖಟಾಯಿ ಉಗುರುಬೆಚ್ಚಗೆ ಇರುವಾಗ ಉದುರಿಸಿ. ಪೂರ್ತಿ ಆರಿದ ಮೇಲೆ ಬಿಗಿ ಡಬ್ಬಿಗೆ. ಮರುದಿನ ಮುಚ್ಚಳ ತೆಗೆದು ನೋಡಿ, ಆಮೇಲೆ ಮಾತಾಡಿ.

ಹಾವೇರಿ ಏಲಕ್ಕಿ
ವೈನಿ, ಎಲ್ಲಾ ಸರಿ, ಏಲಕ್ಕಿ ಎಲ್ಲಿ? ಏಲಕ್ಕಿ ಇಲ್ಲದ ನಾನ್‌ಖಟಾಯಿಯನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಓಟಿಜಿ ವೈನಿ, ವಿದ್ಯಾನಗರ
ಬೇಕಂತಲೇ ಬಿಟ್ಟಿದ್ದೇನೆ. ಏಲಕ್ಕಿ ಬಿತ್ತು ಅಂದರೆ ಗುಲಾಬಿ ಬಾಯಿ ಮುಚ್ಚಿಕೊಳ್ಳುತ್ತದೆ.

ಹಾವೇರಿ ಏಲಕ್ಕಿ
ಏಲಕ್ಕಿ ಹಾರ ಕಟ್ಟುವ ಊರಿನವನಿಗೆ ಈ ಮಾತು ಹೇಳುತ್ತೀರಲ್ಲ. ಒಂದೇ ಕಾಯಿಯ ಕಾಳು ಹಾಕಿ ನೋಡಿ. ಗುಲಾಬಿಗೆ ಬೆನ್ನು ಕೊಡುತ್ತದೆ.

ವಿಜ್ಞಾನದ ಮಾಸ್ತರ್
ಇಬ್ಬರೂ ಸರಿ. ಕೈ ಮೀರಿದರೆ ವೈನಿ ಸರಿ, ಹಿಡಿತದಲ್ಲಿದ್ದರೆ ಹಾವೇರಿಯವರು ಸರಿ. ಅಂದಹಾಗೆ ನಾವು ದಿನಾ ಅಡುಗೆಗೆ ಹಾಕುವ ಲವಂಗ ಅರಳದ ಹೂವಿನ ಮೊಗ್ಗೇ. ಕೇಸರಿ ಹೂವಿನ ಒಳಗಿನ ಎಳೆ. ಹೂವು ತಿನ್ನುವುದಿಲ್ಲ ಅಂತ ಗಿರ್ಮಿಟ್ ಸಾಹೇಬರು ಸುಮ್ನೆ ಹೇಳಿದರು.

ಗದಗ ಗಿರ್ಮಿಟ್
ಮಿರ್ಚಿಗೆ ಲವಂಗ ಹಾಕುವುದಿಲ್ಲ ಮಾಸ್ತರ್.

ಕೇಶ್ವಾಪುರ ಕೇಕ್
ಮಲ್ಲಿಗೆ ಕೇಕ್ ಬಗ್ಗೆ ಯಾರೂ ಮಾತಾಡಲಿಲ್ಲ. ಮಲ್ಲಿಗೆ ಹೂವನ್ನು ಕುದಿಯುವ ಹಾಲಿಗೆ ಹಾಕಿ ಸೋಸಿ ಕೇಕಿಗೆ ಬಳಸಿ ಅಂತ ಒಂದು ವಿಡಿಯೋದಲ್ಲಿ ನೋಡಿದ್ದೆ. ಬೇಯಿಸಿದ ಸೊಪ್ಪಿನ ನೀರಿನ ವಾಸನೆ ಬಂತು. ದಯವಿಟ್ಟು ಯಾರೂ ಮಾಡಬೇಡಿ.

ವಿಜ್ಞಾನದ ಮಾಸ್ತರ್
ಮಲ್ಲಿಗೆಯ ಸ್ವಭಾವ ಬೇರೆ. ಕಿತ್ತ ಮೇಲೂ ಅದು ಗಂಟೆಗಟ್ಟಲೆ ವಾಸನೆ ಬಿಡುತ್ತಲೇ ಇರುತ್ತದೆ. ಸಂಜೆ ಮುಡಿದ ಮೊಗ್ಗು ರಾತ್ರಿ ಅರಳಿ ಘಮ್ ಅನ್ನುವುದು ಅದಕ್ಕೇ. ಕುದಿಸಿದರೆ ಅದು ಅಲ್ಲಿಗೇ ಸತ್ತಿತು. ಹಳೇ ಕಾಲದಲ್ಲಿ ಸುಗಂಧ ದ್ರವ್ಯ ಮಾಡುವವರು ಮಲ್ಲಿಗೆ, ಸುಗಂಧರಾಜದ ಹೂಗಳನ್ನು ತಣ್ಣನೆಯ ಕೊಬ್ಬಿನ ಪದರದ ಮೇಲೆ ಹರಡಿ, ಹಳತಾದ ಹಾಗೆ ಹೊಸ ಹೂವು ಹಾಕುತ್ತಾ ಹೋಗುತ್ತಿದ್ದರು. ಕೊಬ್ಬು ವಾಸನೆ ಕುಡಿಯುತ್ತಿತ್ತು.

ಮನೆಯಲ್ಲೂ ಆಗುತ್ತದೆ. ಅಗಲ ಡಬ್ಬಿಯಲ್ಲಿ ಉಪ್ಪಿಲ್ಲದ ಬೆಣ್ಣೆ ತೆಳುವಾಗಿ ಹರಡಿ. ಮೇಲೆ ತೆಳ್ಳನೆಯ ಮಲ್ ಬಟ್ಟೆ, ಅದರ ಮೇಲೆ ಸಂಜೆ ಕಿತ್ತ ಮೊಗ್ಗು. ಮುಚ್ಚಳ ಹಾಕಿ ರಾತ್ರಿ ತಂಪು ಜಾಗದಲ್ಲಿ ಬಿಡಿ. ಬೆಳಿಗ್ಗೆ ಹೂವು ತೆಗೆದು ಎಸೆಯಿರಿ, ಸಂಜೆ ಹೊಸ ಮೊಗ್ಗು. ಈ ಬೆಣ್ಣೆಯನ್ನು ಕೇಕಿನ ಹಿಟ್ಟಿಗೆ ಹಾಕಿ ಹಾಳು ಮಾಡಬೇಡಿ. ಪುಡಿ ಸಕ್ಕರೆ ಜೊತೆ ನೊರೆ ಬರುವಂತೆ ಕಲಸಿ, ತಣ್ಣಗಾದ ಕೇಕಿನ ಮೇಲೆ ಸವರಿ.

ಕೇಶ್ವಾಪುರ ಕೇಕ್
ಇದು ಬಾಳ ಚಲೋ ಐಡಿಯಾ. ದುರ್ಗದಬೈಲಿನಲ್ಲಿ ಸಂಜೆ ಮಲ್ಲಿಗೆ ಮೊಗ್ಗು ಸಿಗುತ್ತದೆ, ಇವತ್ತೇ ತರುತ್ತೇನೆ.

ಹೂವಿನ ತೋಟದವ
ನಿಲ್ಲಿ ನಿಲ್ಲಿ. ಮಾರ್ಕೆಟ್ ಹೂವು ಬೇಡ. ಹೂವು ಬೆಳೆದು ಮಾರುವವನೇ ಹೇಳುತ್ತಿದ್ದೇನೆ. ಮೊಗ್ಗು ಕೊರೆಯುವ ಹುಳಕ್ಕೆ ಔಷಧ ಹೊಡೆಯದೆ ಮಲ್ಲಿಗೆ ಕೈಗೆ ಹತ್ತುವುದಿಲ್ಲ. ತರಕಾರಿಗಾದರೆ ಔಷಧ ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಅಂತ ಲೆಕ್ಕ ಇರುತ್ತದೆ. ಮುಡಿಯುವ ಹೂವಿಗೆ ಆ ಲೆಕ್ಕ ಯಾರು ನೋಡುತ್ತಾರೆ? ತಿನ್ನುವ ಹೂವು ಅಂತ ಯಾರೂ ಬೆಳೆದಿರುವುದಿಲ್ಲ. ಹೂದಾನಿಗೆ ಇಡುವ ಉದ್ದ ದಂಟಿನ ಗುಲಾಬಿ ಅಂತೂ ಮೊದಲೇ ಬೇಡ. ಅದಕ್ಕೆ ವಾಸನೆಯೂ ಇಲ್ಲ.

ಮನೆ ಅಂಗಳದಲ್ಲಿ ಔಷಧ ಕಾಣದ ಗಿಡ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಗೊತ್ತಿದ್ದವರ ಅಂಗಳ ಕೇಳಿ.

ಸಪ್ತಾಪುರದ ಸೊಸೆ
ನಮ್ಮ ತವರು ಹಡಗಲಿ ಹತ್ತಿರ. ಅಂಗಳದಲ್ಲೇ ಮಲ್ಲಿಗೆ ಇದೆ, ಅವ್ವ ಬೇವಿನ ಹಿಂಡಿ ಬಿಟ್ಟು ಬೇರೆ ಏನೂ ಹಾಕುವುದಿಲ್ಲ. ಬಸ್ಸಿಗೆ ಹಾಕಿ ಕಳಿಸು ಅಂತ ಹೇಳುತ್ತೇನೆ.

ಹೂವಿನ ತೋಟದವ
ಹಡಗಲಿ ಮಲ್ಲಿಗೆ ಮನೆಯಲ್ಲೇ ಇಟ್ಟುಕೊಂಡು ನಮ್ಮನ್ನು ಕೇಳುತ್ತೀರಾ! ಮೈಸೂರು, ಉಡುಪಿ ಮಲ್ಲಿಗೆ ಜೊತೆ ಜಿಐ, ಅಂದರೆ ಊರಿನ ಹೆಸರಿಗೆ ಸರ್ಕಾರದ ಮಾನ್ಯತೆ, ಪಡೆದ ಹೂವು ಅದು. ಬಾಳೆ ಎಲೆಯಲ್ಲಿ ಸುತ್ತಿ ಕಳಿಸಲು ಹೇಳಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ. ಬೆವೆತು ಕಪ್ಪಾಗುತ್ತದೆ.

ಸಿಸ್ಟರ್ ಗದಗ
ಒಂದು ಮಾತು. ಕುಬಸ ಅಂದರೆ ತಿನ್ನುವವಳು ಬಸುರಿ. ಅವಳ ತಟ್ಟೆಗೆ ಹೊಸ ಪ್ರಯೋಗ ಬೇಡ. ಮೊದಲಿನಿಂದ ತಿಂದು ಗೊತ್ತಿರುವ ಗುಲ್ಕಂದ್, ಹಾಲಿಗೆ ಹಾಕುವ ಎರಡು ಎಳೆ ಕೇಸರಿ, ಏಲಕ್ಕಿ ಸಾಕು. ದಾಸವಾಳದ ಚಹಾ, ಒಣಗಿದ ಯಾವುದೋ ಹೂವಿನ ಪುಡಿ, ಅರೋಮಾ ಎಣ್ಣೆ ಇವೆಲ್ಲ ದೂರ ಇಡಿ. ಅನುಮಾನ ಬಂದರೆ ಅವಳನ್ನು ನೋಡುವ ಡಾಕ್ಟರನ್ನೇ ಕೇಳಿ.

ಎಲ್ಲರಿಗೂ ಇನ್ನೊಂದು: ಕಣಗಲೆ, ರಾತ್ರಿರಾಣಿ, ದತ್ತೂರ ಇವು ವಿಷ. ಅಲಂಕಾರಕ್ಕೆ ಅಂತ ಕೂಡ ಕೇಕಿನ ಮೇಲೆ ಇಡಬೇಡಿ. ರಾತ್ರಿರಾಣಿ ಮಲ್ಲಿಗೆಯ ಜಾತಿ ಅಂತ ಬಾಳ ಜನ ತಿಳಿದುಕೊಂಡಿದ್ದಾರೆ. ಅಲ್ಲ.

ಭಟ್ಟಿ ಹುಡುಗ, ಹಳೇ ಹುಬ್ಬಳ್ಳಿ
ಸಿಸ್ಟರ್ ಹೇಳಿದ್ದು ಬರೆದಿಟ್ಟುಕೊಳ್ಳಿ. ಜನ ಈಗ ಕಂಡ ಹೂವನ್ನೆಲ್ಲ ಕೇಕಿಗೆ ಚುಚ್ಚುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ ಅಂತ.

ನವನಗರ ನೀಲಿ
ಶಂಖಪುಷ್ಪ ಹಾಕಿ ನೀಲಿ ಕಪ್‌ಕೇಕ್ ಮಾಡಲು ಹೋದೆ. ಹಿಟ್ಟು ಕಲಸುವಾಗ ನೀಲಿ, ಬೆಂದ ಮೇಲೆ ಹಾವಸೆ ಬಣ್ಣ. ಮಗಳು ಶಾಲೆಗೆ ಒಯ್ಯಲು ಒಪ್ಪಲಿಲ್ಲ. ಇದಕ್ಕೆ ಏನು ಕಾರಣ ಮಾಸ್ತರ್?

ವಿಜ್ಞಾನದ ಮಾಸ್ತರ್
ಸೋಡಾ. ಶಂಖಪುಷ್ಪದ ಬಣ್ಣ ಲಿಟ್ಮಸ್ ಕಾಗದ ಇದ್ದ ಹಾಗೆ. ಹುಳಿ ತಗುಲಿದರೆ ನೇರಳೆ, ಸೋಡಾ ತಗುಲಿದರೆ ಹಸಿರು ಕಡೆಗೆ. ಮೊಸರು ಜಾಸ್ತಿ, ಸೋಡಾ ಕಡಿಮೆ ಆದರೆ ನೇರಳೆ ಬರುತ್ತದೆ. ನೀಲಿಯೇ ಬೇಕೆಂದರೆ ಒಲೆಗೆ ಹಾಕಬೇಡಿ, ಮೇಲಿನ ಕೆನೆಗೆ ಹಾಕಿ. ರುಚಿ, ವಾಸನೆ ಅದರಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಬರೀ ಬಣ್ಣ.

ಕೇಶ್ವಾಪುರ ಕೇಕ್
ಬಣ್ಣದ ಮಾತು ಬಂತು ಅಂತ ಹೇಳುತ್ತೇನೆ. ಗುಲಾಬಿ ಕೇಕ್ ಅಂದರೆ ಗಿರಾಕಿಗೆ ಕಣ್ಣಿಗೆ ಹೊಡೆಯುವ ಗುಲಾಬಿ ಬಣ್ಣ ಬೇಕು. ನಿಜವಾದ ಗುಲಾಬಿ ಎಸಳು ಹಾಕಿ ಮಾಡಿದರೆ ಬೆಂದ ಮೇಲೆ ಕಂದು ಬಣ್ಣ. "ಇದು ಗುಲಾಬಿ ಅಲ್ಲ, ಬೆಲ್ಲ ಹಾಕಿದ್ದೀರಿ" ಅಂತ ಒಬ್ಬರು ಜಗಳಕ್ಕೇ ಬಂದರು. ಬೀಟ್‌ರೂಟ್ ರಸ ಕೂಡ ಒಲೆಯಲ್ಲಿ ನಿಲ್ಲುವುದಿಲ್ಲ.

ಗದಗ ಗಿರ್ಮಿಟ್
ಗೋಬಿ ಮಂಚೂರಿ ನೆನಪಾಯಿತು. 2024ರ ಮಾರ್ಚ್‌ನಲ್ಲಿ ಸರ್ಕಾರ ಬಣ್ಣ ನಿಷೇಧಿಸಿದಾಗ "ಕೆಂಪಿಲ್ಲದ ಗೋಬಿ ಯಾರು ತಿಂತಾರೆ" ಅಂತ ಎಲ್ಲರೂ ಅತ್ತರು. ಈಗಲೂ ಗಾಡಿ ಮುಂದೆ ಜನ ಕಡಿಮೆ ಆಗಿಲ್ಲ.

ಕೇಶ್ವಾಪುರ ಕೇಕ್
ಆಗ ಬೊಂಬಾಯಿ ಮಿಠಾಯಿಯ ರೋಡಮೈನ್-ಬಿ ಕೂಡ ನಿಷೇಧ ಮಾಡಿದ್ದರು. ಅದು ಬಟ್ಟೆಗೆ ಹಾಕುವ ಬಣ್ಣ. ನಾನು ಈಗ ಕೇಕ್ ಬಿಳಿಯಾಗೇ ಬಿಟ್ಟು, ಮೇಲಿನ ಕೆನೆಗೆ ಎರಡು ಹನಿ ಬೀಟ್‌ರೂಟ್ ರಸ ಹಾಕುತ್ತೇನೆ. ಬಿಸಿ ಇಲ್ಲದ ಕಡೆ ಅದು ಚೆನ್ನಾಗಿ ನಿಲ್ಲುತ್ತದೆ. ಎರಡೇ ಹನಿ, ಇಲ್ಲದಿದ್ದರೆ ಪಲ್ಯದ ವಾಸನೆ.

ಎರೆಹೊಲ, ನರಗುಂದ
ನೀವು ಕೇಸರಿ ಕೇಸರಿ ಅಂತಿದ್ದೀರಿ. ನಮ್ಮ ಕುಸುಬಿ ಹೂವು ಹಾಕಿದರೆ ಆಗುವುದಿಲ್ಲವಾ? ಅದೇ ಬಣ್ಣ ಬರುತ್ತದೆ. ಹಿಂಗಾರಿಯಲ್ಲಿ ಹೊಲದ ಬದುವಿನಲ್ಲಿ ಬೇಕಾದಷ್ಟು ಇರುತ್ತದೆ. ಮುಳ್ಳು ಚುಚ್ಚಿಸಿಕೊಳ್ಳಲು ತಯಾರಿದ್ದರೆ ಬಂದು ಬಿಡಿಸಿಕೊಂಡು ಹೋಗಿ, ದುಡ್ಡು ಬೇಡ.

ಓಟಿಜಿ ವೈನಿ, ವಿದ್ಯಾನಗರ
ಬಣ್ಣಕ್ಕೆ ಆಗುತ್ತದೆ ಅಣ್ಣಾರೆ. ಕೇಸರಿಯ ವಾಸನೆ ಬರುವುದಿಲ್ಲ. ಕೇಸರಿಗೆ ಕಲಬೆರಕೆ ಮಾಡುವವರು ಬಳಸುವುದು ಇದನ್ನೇ. ನೆನೆಸಿದ ಮೇಲೆ ಒಂದೊಂದೇ ಎಳೆ ಬಿಳಿ ತಟ್ಟೆಯಲ್ಲಿ ಬಿಡಿಸಿ ನೋಡಿ. ಕೇಸರಿ ಎಳೆಯ ಒಂದು ತುದಿ ಅಗಲವಾಗಿ ಬಾಯಿ ತೆರೆದಿರುತ್ತದೆ, ಇನ್ನೊಂದು ತುದಿ ಸಣ್ಣ. ಕುಸುಬಿಯದು ಸಣ್ಣ ಕೊಳವೆ, ತುದಿಯಲ್ಲಿ ಐದು ಸೀಳು. ಇನ್ನೊಂದು, ನೀರಿಗೆ ಹಾಕಿದ ತಕ್ಷಣ ಕಡುಗೆಂಪು ಬಿಟ್ಟರೆ ಅದು ಬಣ್ಣ ಬಳಿದ ಮಾಲು. ನಿಜವಾದ ಕೇಸರಿ ನಿಧಾನಕ್ಕೆ ಹಳದಿ ಬಿಡುತ್ತದೆ, ಎಳೆ ಕೆಂಪಾಗೇ ಉಳಿಯುತ್ತದೆ.

ವಿಜ್ಞಾನದ ಮಾಸ್ತರ್
ಸೇರಿಸುತ್ತೇನೆ. ಕೇಸರಿಯನ್ನು ತುಪ್ಪಕ್ಕೆ ಹಾಕಬೇಡಿ, ಅದರ ಬಣ್ಣ ಕರಗುವುದು ನೀರಿನಲ್ಲಿ. ಉಗುರುಬೆಚ್ಚಗಿನ ಹಾಲಿನಲ್ಲಿ ಅರ್ಧ ಗಂಟೆ. ಗುಲಾಬಿ, ಮಲ್ಲಿಗೆ ಜಿಡ್ಡಿಗೆ, ಕೇಸರಿ ಹಾಲಿಗೆ. ಪುಣ್ಯಕ್ಕೆ ಕೇಸರಿ ಒಲೆಯ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ.

ಎರೆಹೊಲ, ನರಗುಂದ
ಹಾಗಾದರೆ ಕುಸುಬಿಯಲ್ಲಿ ಎಣ್ಣೆ ತೆಗೆದು ಒಗ್ಗರಣೆ ಹಾಕುವುದೇ ಸರಿ.

ಸವಣೂರು ಎಲೆ
ಗುಲ್ಕಂದ್ ಬಗ್ಗೆ ಯಾರಾದರೂ ಬರೆಯಿರಿ. ಕೇಕಿಗೆ ಹಾಕಿದರೆ ಎಲ್ಲಾ ತಳಕ್ಕೆ ಕೂರುತ್ತದೆ, ಅಲ್ಲೇ ಸೀಯುತ್ತದೆ.

ಓಟಿಜಿ ವೈನಿ, ವಿದ್ಯಾನಗರ
ಗುಲ್ಕಂದ್‌ನಲ್ಲಿ ಅರ್ಧಕ್ಕರ್ಧ ಸಕ್ಕರೆ ಇರುತ್ತದೆ. ಅದಕ್ಕೇ ಸೀಯುವುದು. ಕೇಕಿನ ಸಕ್ಕರೆ ಕಡಿಮೆ ಮಾಡಿ. ಗುಲ್ಕಂದ್‌ನ ಪಾಕ ಬಸಿದು, ಎಸಳು ಸಣ್ಣಗೆ ಕತ್ತರಿಸಿ, ಒಂದು ಚಮಚ ಮೈದಾದಲ್ಲಿ ಹೊರಳಿಸಿ ಕೊನೆಗೆ ಸೇರಿಸಿ. ಬಸಿದ ಪಾಕ ಚೆಲ್ಲಬೇಡಿ, ಬೆಂದ ಕೇಕಿನ ಮೇಲೆ ಸವರಿ.

ಮನೆಯಲ್ಲಿ ಮಾಡುವವರಿಗೆ: ಎಸಳು, ಸಕ್ಕರೆ ಸಮ ತೂಕ, ಗಾಜಿನ ಬರಣಿಯಲ್ಲಿ ಒಂದು ಪದರ ಇದು, ಒಂದು ಪದರ ಅದು. ಮೂರು ನಾಲ್ಕು ವಾರ ಬಿಸಿಲು. ಮಧ್ಯೆ ಮಧ್ಯೆ ಒಣ ಚಮಚದಲ್ಲಿ ಕಲಕಬೇಕು. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಕೊರತೆ ಏನಿಲ್ಲ.

ಸವಣೂರು ಎಲೆ
ಹಾಗಾದರೆ ನನ್ನ ಪಾನ್ ಕೇಕ್ ಕೇಳಿ. ಸವಣೂರು ವೀಳ್ಯದೆಲೆ ಕೆನೆ ಜೊತೆ ಹಸಿಯಾಗೇ ಅರೆದು ಸೋಸಿ, ಪದರಗಳ ಮಧ್ಯೆ ಅದು, ಅದರ ಮೇಲೆ ಗುಲ್ಕಂದ್, ಸ್ವಲ್ಪ ಬಡೇಸೋಪು. ಎಲೆಯನ್ನು ಹಿಟ್ಟಿಗೆ ಹಾಕಿ ಬೇಯಿಸಿದರೆ ಕಹಿ. ನಮ್ಮ ಊರಲ್ಲಿ ಊಟ ಆದ ಮೇಲೆ ಎಲೆ ಹಾಕುವುದು ಬಿಟ್ಟು ಕೇಕ್ ಕೇಳುತ್ತಾರೆ ಈಗ.

ಗದಗ ಗಿರ್ಮಿಟ್
ಸವಣೂರು ಖಾರಾ ಬಿಟ್ಟು ಕೇಕ್ ಹಿಡಿದಿರಾ? ಕಲಿಗಾಲ.

ಪುಣೆಯಿಂದ ಹುಬ್ಬಳ್ಳಿ ಹುಡುಗಿ
ಲ್ಯಾವೆಂಡರ್ ಯಾರೂ ಟ್ರೈ ಮಾಡಿಲ್ಲವಾ? ಇಲ್ಲಿ ಕೆಫೆಗಳಲ್ಲಿ ಲ್ಯಾವೆಂಡರ್ ಕುಕೀ ಅಂತ ಒಂದಕ್ಕೆ 150 ರೂಪಾಯಿ ತೆಗೆದುಕೊಳ್ಳುತ್ತಾರೆ.

ಕೇಶ್ವಾಪುರ ಕೇಕ್
ಮಾಡಿದ್ದೇನೆ. ಕಾಲು ಕೆಜಿ ಹಿಟ್ಟಿಗೆ ಒಂದು ಚಹಾ ಚಮಚ ಒಣ ಹೂವು ಸಾಕು, ದಾಟಿದರೆ ಸೋಪು. ಅಡುಗೆಗೆ ಅಂತ ಮಾರುವ ಜಾತಿಯೇ ಬೇಕು. ಕಪಾಟಿನಲ್ಲಿ ಬಟ್ಟೆ ಮಧ್ಯೆ ಇಡುವ ಚೀಲದ್ದು ಕರ್ಪೂರದ ರುಚಿ ಬರುತ್ತದೆ. ಜಮ್ಮು ಕಡೆಯ ಭದರ್ವಾಹ್‌ನಲ್ಲಿ ಈಗ ರೈತರು ಲ್ಯಾವೆಂಡರ್ ಬೆಳೆಯುತ್ತಿದ್ದಾರೆ. ಆದರೆ ನಮ್ಮ ಮನೆಯವರಿಗೆ ಹಿಡಿಸಲಿಲ್ಲ. ಚಿಕ್ಕಂದಿನಿಂದ ತಿಂದು ಬೆಳೆದ ವಾಸನೆ ಅಲ್ಲ ಅದು.

ನವನಗರ ನೀಲಿ
ಗುಲಾಬಿ ನೀರು ಯಾವುದು ತರಬೇಕು? ನಾನು ಮೆಡಿಕಲ್ ಅಂಗಡಿಯಲ್ಲಿ ಕೇಳಿದಾಗ ಮುಖಕ್ಕೆ ಹಚ್ಚುವ ಬಾಟಲಿ ಕೊಟ್ಟು "ಎಲ್ಲಾ ಒಂದೇ ರೀ" ಅಂದರು.

ಸಿಸ್ಟರ್ ಗದಗ
ಒಂದೇ ಅಲ್ಲ. ಮುಖಕ್ಕೆ ಹಚ್ಚುವುದರಲ್ಲಿ ಬೇರೆ ಏನೇನೋ ಸೇರಿಸಿರಬಹುದು. ಬಾಟಲಿ ಮೇಲೆ ಹಸಿರು ಚುಕ್ಕೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಆಹಾರ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಇಲ್ಲದಿದ್ದರೆ ಅಡುಗೆಮನೆಗೆ ಬೇಡ.

ಹಾವೇರಿ ಏಲಕ್ಕಿ
ಕೇದಿಗೆ ನೀರು ಕೂಡ ಸಿಗುತ್ತದೆ, ಕೇವಡಾ ಅಂತ ಮಾರುತ್ತಾರೆ. ಒಡಿಶಾದ ಗಂಜಾಂ ಕಡೆಯದು. ಪಾಕಕ್ಕೆ ಎರಡು ಹನಿ. ಮೂರನೇ ಹನಿ ಬಿದ್ದರೆ ಕೇಕ್ ಪೂರ್ತಿ ಬಿರಿಯಾನಿ ನೆನಪಿಸುತ್ತದೆ.

ಸಪ್ತಾಪುರದ ಸೊಸೆ
ವೈನಿ ಹೇಳಿದ ಹಾಗೆ ಗುಲಾಬಿ ತುಪ್ಪದಲ್ಲಿ ಒಂದು ತಟ್ಟೆ ಮಾಡಿದೆ, ಹಾವೇರಿಯವರ ಮಾತಿಗೆ ಒಂದೇ ಏಲಕ್ಕಿ. ಹರಡಲಿಲ್ಲ. ಡಬ್ಬಿಯಲ್ಲಿ ಇಟ್ಟು ಮರುದಿನ ತೆಗೆದಾಗ ವಾಸನೆ ಚೆನ್ನಾಗಿ ಕೂತಿತ್ತು. ಮಾವ ಏನೂ ಹೇಳಲಿಲ್ಲ, ಆದರೆ ನಾಲ್ಕು ಖಾಲಿ ಮಾಡಿದರು. ಈಗ ಸಮಸ್ಯೆ ಬೇರೆ. ನಮ್ಮ ಓಟಿಜಿಯಲ್ಲಿ ಒಂದು ಸಲಕ್ಕೆ ಹನ್ನೆರಡು ಹಿಡಿಯುತ್ತವೆ. ಬೇಕಾಗಿರುವುದು ಐದು ನೂರು.

ಓಟಿಜಿ ವೈನಿ, ವಿದ್ಯಾನಗರ
ಏಲಕ್ಕಿ ಹಾಕಿದಿರಾ. ಇರಲಿ.

ಭಟ್ಟಿ ಹುಡುಗ, ಹಳೇ ಹುಬ್ಬಳ್ಳಿ
ಐದು ನೂರಕ್ಕೆ ಓಟಿಜಿ ಮುಂದೆ ಕೂತರೆ ಕುಬಸ ಮುಗಿದು ತೊಟ್ಟಿಲ ಶಾಸ್ತ್ರ ಬರುತ್ತದೆ ಅಕ್ಕಾರೆ. ದೀಪಾವಳಿಗೆ ಎಲ್ಲರೂ ಮಾಡುವ ಹಾಗೆ ಸಾಮಾನು ಕಟ್ಟಿಕೊಂಡು ನಿಮ್ಮ ಹತ್ತಿರದ ಯಾವುದಾದರೂ ಬೇಕರಿ ಭಟ್ಟಿಗೆ ಹೋಗಿ. ತುಪ್ಪ ಮನೆಯಲ್ಲೇ ಗುಲಾಬಿ ಹಿಡಿಸಿ ಒಯ್ಯಿರಿ. ಹಿಟ್ಟು ಕಲಸುವಾಗ ಎದುರಿಗೇ ನಿಲ್ಲಿ, ಇಲ್ಲದಿದ್ದರೆ ರೂಢಿಯ ಮೇಲೆ ಡಾಲ್ಡಾ, ವೆನಿಲ್ಲಾ ಎರಡೂ ಬೀಳುತ್ತವೆ.

ಬ್ರೆಡ್ ತೆಗೆದ ಮೇಲೆ ಭಟ್ಟಿ ಬಿಸಿ ಇಳಿಯುತ್ತದಲ್ಲ, ಆ ಹೊತ್ತು ಕೇಳಿಕೊಳ್ಳಿ. ಅದು ನಾನ್‌ಖಟಾಯಿಗೆ ಸರಿಯಾದ ಬಿಸಿ. ನಮ್ಮಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಆಗುತ್ತದೆ. ಗುಲಾಬಿ ಸಕ್ಕರೆ ಪುಡಿ ಮನೆಗೆ ಬಂದು ಉದುರಿಸುತ್ತೇನೆ ಅನ್ನಬೇಡಿ, ಅಷ್ಟರಲ್ಲಿ ಆರಿರುತ್ತದೆ, ಅಂಟುವುದಿಲ್ಲ. ಅಲ್ಲೇ ಉದುರಿಸಿ. ಮತ್ತೆ ನಿಮ್ಮ ತಟ್ಟೆಗಳಿಗೆ ಗುರುತು ಹಾಕಿ ಒಯ್ಯಿರಿ. ಹೋದ ದೀಪಾವಳಿಗೆ ಒಬ್ಬರ ಖಾರಾ ಬಿಸ್ಕಿಟ್ ಇನ್ನೊಬ್ಬರ ಮನೆಗೆ ಹೋಗಿ ದೊಡ್ಡ ಗದ್ದಲ ಆಗಿತ್ತು.

ಗದಗ ಗಿರ್ಮಿಟ್
ಆ ಖಾರಾ ಬಿಸ್ಕಿಟ್ ಸಿಕ್ಕವರೇ ಪುಣ್ಯವಂತರು.